ಕೆಂಪು ಹತ್ತಿತು, ಹಸಿರು ಹತ್ತಲಿಲ್ಲ

ಯಾರೂ ಮಾತಾಡದೆಯೇ ನಮ್ಮ ರಿಪೀಟರ್ ಮಾತಾಡಲು ಶುರು ಮಾಡಿದ್ದು ಕಾರ್ ರ್‍ಯಾಲಿಯ ದಿನ ಬೆಳಿಗ್ಗೆ. ನಾನು ಹಿರೇಕೊಡಿಗೆ ಕಡೆಯ ಒಂದು ಗುಡ್ಡದ ನೆತ್ತಿಯಲ್ಲಿ ಟಾರ್ಪಾಲಿನ ಕೆಳಗೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಪೆಟ್ಟಿಗೆ 'ಟಕ್' ಅಂದಿತು. ಒಂದು ಉಸಿರು ಬಿಟ್ಟು ಮತ್ತೆ 'ಟಕ್'. ಕೆಳಗೆ ಕೊಪ್ಪದಲ್ಲಿ, ತೋಟದ ಗೇಟಿನಲ್ಲಿ, ಎಲ್ಲೆಲ್ಲಿ ನಮ್ಮವರು ರೇಡಿಯೊ ಹಿಡಿದು ಕೂತಿದ್ದರೋ ಅಲ್ಲೆಲ್ಲ ಅದೇ ಟಕ್ ಕೇಳುತ್ತಿತ್ತು. ನಾನು ಲೋಟ ಕೆಳಗಿಟ್ಟು ಬೈದೆ. ಯಾರನ್ನು ಬೈಯುತ್ತಿದ್ದೇನೆ ಅಂತ ಆಗಿನ್ನೂ ಗೊತ್ತಿರಲಿಲ್ಲ.

ರಿಪೀಟರ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ನಮ್ಮ ಕಡೆ ಒಂದು ಕಣಿವೆಯ ರೇಡಿಯೊ ಇನ್ನೊಂದು ಕಣಿವೆಗೆ ಕೇಳುವುದಿಲ್ಲ, ನಡುವೆ ಗುಡ್ಡ ಅಡ್ಡ. ಆ ಗುಡ್ಡದ ಮೇಲೇ ಒಂದು ಪೆಟ್ಟಿಗೆ ಇಟ್ಟರೆ, ಅದು ಕೆಳಗಿನವರ ಮಾತನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಅದೇ ಕ್ಷಣ ಇನ್ನೊಂದರಲ್ಲಿ ಗಟ್ಟಿಯಾಗಿ ಹೇಳುತ್ತದೆ. ಚಾಡಿಕೋರನ ಕೆಲಸ, ಆದರೆ ಉಪ್ಪುಖಾರ ಹಚ್ಚದೆ ಒಪ್ಪಿಸುವ ಚಾಡಿಕೋರ. ಹವ್ಯಾಸಿ ರೇಡಿಯೊ ಲೈಸೆನ್ಸ್ ಇದ್ದ ನಾವು ಕೆಲವರು ಸೇರಿ ಅದನ್ನು ಕಟ್ಟಿದ್ದೆವು. ಹಳೆಯ ಎರಡು ಸೆಟ್ಟು, ತಾಮ್ರದ ಪೈಪಿನಲ್ಲಿ ಮಾಡಿದ ಫಿಲ್ಟರು, ಬಿದಿರಿಗೆ ಬಿಗಿದ ಆಂಟೆನಾ, ಹೆಗಲ ಮೇಲೆ ಹೊತ್ತು ತಂದ ಎರಡು ಲಾರಿ ಬ್ಯಾಟರಿ. ನನ್ನದು ಕೊಪ್ಪದಲ್ಲಿ ಟಿವಿ ಮತ್ತು ಸ್ಟೆಬಿಲೈಸರ್ ರಿಪೇರಿ ಅಂಗಡಿ. ಹಾಗಾಗಿ ಪೆಟ್ಟಿಗೆಯ ಯಜಮಾನಿಕೆ ನನಗೇ ಬಂತು, ನಾನೂ ಬೇಡ ಅನ್ನಲಿಲ್ಲ.

ರ್‍ಯಾಲಿಯಲ್ಲಿ ನಮ್ಮ ಕೆಲಸ ಇಷ್ಟೇ. ಕಾಫಿ ತೋಟದ ನಡುವಿನ ಮಣ್ಣುರಸ್ತೆಯನ್ನು ಬಂದ್ ಮಾಡಿ ಒಂದೊಂದೇ ಕಾರನ್ನು ಬಿಡುತ್ತಾರೆ. ಆ ಓಟದ ದಾರಿಗೆ ಸ್ಟೇಜ್ ಅನ್ನುತ್ತಾರೆ. ಒಳಗೆ ಹೋದ ಕಾರು ಹೊರಗೆ ಬರಲೇಬೇಕು. ಬರಲಿಲ್ಲ ಅಂದರೆ ಎಲ್ಲೋ ಏನೋ ಆಗಿದೆ ಅಂತ ಲೆಕ್ಕ. ಕೊಪ್ಪ ಪೇಟೆ ದಾಟಿದರೆ ಮೊಬೈಲ್ ಬರೀ ಗಡಿಯಾರವಾಗುತ್ತಿದ್ದ ಕಾಲ ಅದು. ಆದ್ದರಿಂದ ಶುರುವಿನಲ್ಲಿ ಒಬ್ಬರು, ನಡುವೆ ಒಬ್ಬರು, ಕೊನೆಯಲ್ಲಿ ಒಬ್ಬರು ರೇಡಿಯೊ ಹಿಡಿದು ಕೂರಬೇಕು. ಕಾರು ದಾಟಿದಾಗೆಲ್ಲ ನಂಬರ್ ಹೇಳಬೇಕು. ಕೊಪ್ಪದ ಕಂಟ್ರೋಲ್ ರೂಮಿನಲ್ಲಿ ನಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು, ಅವರ ಬಾಗಿಲಿನಲ್ಲಿ ಆಂಬುಲೆನ್ಸ್ ನಿಂತಿತ್ತು.

ಅವತ್ತು ಓಡುತ್ತಿದ್ದ ಕಾರುಗಳಲ್ಲಿ ಒಂದು ನನ್ನ ಭಾವನದು. ಜಯಪುರದಲ್ಲಿ ಗ್ಯಾರೇಜ್ ಇಟ್ಟಿದ್ದ ಆಸಾಮಿ, ಗುಜರಿಗೆ ಹೋಗಬೇಕಿದ್ದ ಕಾರಿಗೆ ಸ್ಟಿಕ್ಕರ್ ಅಂಟಿಸಿ ರ್‍ಯಾಲಿಗೆ ತಂದಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಪಕ್ಕದ ಸೀಟಿನಲ್ಲಿ ತಿರುವುಗಳನ್ನು ಓದಿ ಹೇಳುವ ನ್ಯಾವಿಗೇಟರ್ ನನ್ನ ತಂಗಿ. ಗಂಡ ತನ್ನ ಮಾತು ಕೇಳುವ ಜಾಗ ಜಗತ್ತಿನಲ್ಲಿ ಅದೊಂದೇ ಅಂತ ಅವಳು ಒಪ್ಪಿಕೊಂಡಿದ್ದಳು. ಹಿಂದಿನ ಸಂಜೆ ಅಂಗಡಿಗೆ ಬಂದು, "ನಿನ್ನ ಪೆಟ್ಟಿಗೆ ಸರಿ ಇಟ್ಕೋ ಮಾರಾಯ. ನಾವು ಎಲ್ಲಾದ್ರೂ ಮಗುಚಿದ್ರೆ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ" ಅಂದಳು.

"ಮಗುಚೋದು ಎಂತಕ್ಕೆ? ನಿನ್ನ ಗಂಡನಿಗೆ ಬ್ರೇಕ್ ಹಿಡಿಯೋಕೆ ಬರಲ್ವಾ?"

"ಅವರಿಗೆ ಬರ್ತದೆ. ಕಾರಿಗೆ ಬರಲ್ಲ."

ನಕ್ಕೆವು. ಆದರೆ ನನಗೆ ಒಳಗೆ ಚುರುಕ್ ಅಂದದ್ದು ನಿಜ. ಅವಳ ಕಾರು ಒಳಗೆ ಹೋಗಿ ಹೊರಗೆ ಬರುವವರೆಗಿನ ಜವಾಬ್ದಾರಿ ನನ್ನ ಪೆಟ್ಟಿಗೆಯದು.

ಅಂಥ ಪೆಟ್ಟಿಗೆ ಬೆಳಿಗ್ಗೆಯೇ ಟಕ್ ಟಕ್ ಅಂತ ಕೂತಿತು. ಪ್ರತಿ ಟಕ್ಕಿಗೂ ಯಾರೋ ಮಾತಾಡಿದರು ಅಂದುಕೊಂಡು ರಿಪೀಟರ್ ಬಾಗಿಲು ತೆರೆಯುತ್ತಿತ್ತು. ಮುಚ್ಚುವಷ್ಟರಲ್ಲಿ ಇನ್ನೊಂದು ಟಕ್. ಹೀಗೆ ಬಿಡುವೇ ಇಲ್ಲದೆ ಪ್ರಸಾರ ಮಾಡುತ್ತ ಅದು ಬ್ಯಾಟರಿ ಕುಡಿಯತೊಡಗಿತು. ಸಣ್ಣಪುಟ್ಟ ಸದ್ದನ್ನು ತಡೆಯುವ ಸ್ಕ್ವೆಲ್ಚ್ ತಿರುಪನ್ನು ಬಿಗಿ ಮಾಡಿ ನೋಡಿದೆ. ಟಕ್ ನಿಂತಿತು, ಜೊತೆಗೆ ಕೈಸೆಟ್ಟುಗಳ ಸಣ್ಣ ದನಿಯೂ ನಿಂತಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರೆ ಆಗುತ್ತದೆಯೇ? ಮೊದಲಿನಂತೆ ಸಡಿಲಿಸಿ, ಒಂದು ಕೈಸೆಟ್ಟು ಹಿಡಿದು ಟಕ್ಕಿನ ಜಾಡಿನಲ್ಲಿ ಗುಡ್ಡ ಇಳಿದೆ. ಇಳಿದಷ್ಟೂ ಸದ್ದು ಜೋರಾಯಿತು. ಗುಡ್ಡದ ಬುಡದಲ್ಲಿ ಕಾಫಿ ತೋಟದ ಬೇಲಿ. ಹಂದಿಗೆ ಅಂತ ಎಳೆದ ಕರೆಂಟಿನ ತಂತಿ. ಲಂಟಾನದ ಕೊಂಬೆಯೊಂದು ತಂತಿಗೆ ಒರಗಿದಲ್ಲಿ, ಕರೆಂಟು ಹೊಡೆದಾಗೆಲ್ಲ ನೀಲಿ ಕಿಡಿ ಹಾರುತ್ತಿತ್ತು.

ನಾವು ವಾರದ ಹಿಂದೆ ಪರೀಕ್ಷೆ ಮಾಡಿದ್ದು ಹಗಲು. ಬೇಲಿಗೆ ಕರೆಂಟು ಬಿಡುವುದು ರಾತ್ರಿ. ಅವತ್ತು ಮಾತ್ರ ಹಗಲೇ ಬಿಟ್ಟಿದ್ದರು. ತೋಟದ ಯಜಮಾನರು ಅಲ್ಲೇ ಬೇಲಿ ನೋಡುತ್ತ ಬರುತ್ತಿದ್ದರು, ವಿಚಾರಿಸಿದೆ.

"ಹಣ್ಣು ಕೆಂಪಾಗಿ ನಿಂತಿದೆ. ರ್‍ಯಾಲಿ ನೋಡೋಕೆ ಮೂರು ತಾಲ್ಲೂಕಿನ ಜನ ಬರ್ತಾರೆ. ಹಂದಿ ಆದ್ರೂ ಒಂದು ದಾರಿ ಹಿಡಿದು ಹೋಗ್ತದೆ ಮಾರಾಯ್ರೆ, ಜನ ಎಲ್ಲಾ ಕಡೆ ನುಗ್ತಾರೆ" ಅಂದರು.

"ನಮ್ಮ ರೇಡಿಯೊ ಕೆಲಸ ಮಾಡ್ತಿಲ್ಲ. ಒಂದು ಮಧ್ಯಾಹ್ನದವರೆಗೆ ಆಫ್ ಮಾಡಿ."

"ಆಗಲ್ಲ. ರಸ್ತೆ ಕೊಟ್ಟಿದೀನಿ. ತೋಟನೂ ಕೊಡು ಅಂದ್ರೆ ಹೇಗೆ?"

ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆ ಕೊಂಬೆ ಸವರಿದರೆ ಮುಂದೆ ಇನ್ನೆಷ್ಟೋ ಕೊಂಬೆಗಳಿದ್ದವು. ಏದುಸಿರು ಬಿಡುತ್ತ ಮೇಲೆ ಹತ್ತಿದಾಗ ಮೊದಲ ಬ್ಯಾಟರಿ ಸೋತಿತ್ತು. ಉಳಿದದ್ದು ಒಂದೇ.

ಟೋನ್ ಸ್ಕ್ವೆಲ್ಚ್ ಹಾಕುವುದು ಅಂತ ಆಗ ತೀರ್ಮಾನ ಮಾಡಿದೆ. ಅದರ ತತ್ವ ಸರಳ. ಪ್ರತಿಯೊಬ್ಬರ ಸೆಟ್ಟೂ ಮಾತಿನ ಅಡಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆಯನ್ನು ಕಳಿಸುತ್ತದೆ. ಕಿವಿಗೆ ಅದು ತಿಳಿಯುವುದಿಲ್ಲ, ರಿಪೀಟರಿಗೆ ತಿಳಿಯುತ್ತದೆ. ಆ ಗುಂಯ್ ಇದ್ದರೆ ಮಾತ್ರ ಬಾಗಿಲು ತೆರೆ, ಇಲ್ಲದಿದ್ದರೆ ಯಾರೇ ತಟ್ಟಲಿ ತೆರೆಯಬೇಡ ಅಂತ ಹೇಳಿಡಬಹುದು. ಬೇಲಿ ಎಷ್ಟು ಟಕ್ ಅಂದರೂ ಅದಕ್ಕೆ ಗುಂಯ್‌ಗುಡಲು ಬರುವುದಿಲ್ಲ. ಪೆಟ್ಟಿಗೆಯ ಮುಖದಲ್ಲಿ ಇದಕ್ಕಾಗಿಯೇ ಒಂದು ಸ್ವಿಚ್ಚು, ಎರಡು ದೀಪ ಇಟ್ಟಿದ್ದೆ. ಏನಾದರೂ ಸಿಗ್ನಲ್ ಬಂದರೆ ಕೆಂಪು. ಅದರಲ್ಲಿ ಸರಿಯಾದ ಟೋನ್ ಇದ್ದರೆ ಹಸಿರು.

ಮೇಡಂ ಎಲ್ಲರಿಗೂ ಟೋನ್ ಹಾಕಲು ಹೇಳಿ ಒಬ್ಬೊಬ್ಬರನ್ನೇ ಕರೆದರು. ಶುರುವಿನವರದು ಹಸಿರು. ಕೊನೆಯಲ್ಲಿ, ತೋಟದ ಮನೆಯ ಗೇಟಿನ ಹತ್ತಿರ, ನರಸಿಂಹರಾಜಪುರದ ಬ್ಯಾಂಕಿನವರು ಕೂತಿದ್ದರು, ಅವರದ್ದೂ ಹಸಿರು. ನಡುವಿನ ಪಾಯಿಂಟಿನಲ್ಲಿ ಶೃಂಗೇರಿಯ ಪುರೋಹಿತರು. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಸೋಲ್ಡರಿಂಗ್. ಕೊಂಡ ಸೆಟ್ಟಿನಲ್ಲಿ ಮಾತಾಡುವವರನ್ನು ಹೋಟೆಲ್ ಊಟದವರು ಅಂತ ಹಂಗಿಸುತ್ತಿದ್ದರು. ಅವರ ರೇಡಿಯೊ, ಅದರೊಳಗಿನ ಟೋನ್ ಬೋರ್ಡು ಎಲ್ಲ ಅವರೇ ಮಾಡಿದ್ದು. ನನ್ನ ಮೇಜಿನ ಮೇಲೆ ಅಳೆದಾಗ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಹಸಿರು ಹತ್ತಿತಾ ಮಾರಾಯ್ರೆ?" ಅಂದರು.

"ಹತ್ತಿತು."

"ಹತ್ತದೆ ಏನು ಮಾಡ್ತದೆ!"

ಸ್ವಿಚ್ಚು ಹಾಕಿದೆ. ಪೆಟ್ಟಿಗೆ ಬಾಯಿ ಮುಚ್ಚಿತು. ಕೆಂಪು ದೀಪ ಮಾತ್ರ ಟಕ್ಕಿಗೊಮ್ಮೆ ಮಿಣುಕುತ್ತಿತ್ತು, ಮಿಣುಕಲಿ. ನನಗೆ ನನ್ನ ಮೇಲೇ ಪ್ರೀತಿ ಬಂದು ಆರಿದ ಕಾಫಿಯನ್ನೇ ಖುಷಿಯಿಂದ ಕುಡಿದೆ.

ಕಾರುಗಳು ಹೊರಟವು. ಮೊದಲ ಕಾರು ಒಳಗೆ, ನಡುವೆ ದಾಟಿತು, ಹೊರಗೆ. ಎರಡನೆಯದೂ ಹಾಗೇ. ಬಿಸಿಲು ಏರುತ್ತಿತ್ತು. ಆಮೇಲೆ ನಡುವಿನ ಪಾಯಿಂಟು ಒಂದು ನಂಬರ್ ಹೇಳಲಿಲ್ಲ, ಆದರೆ ಆ ಕಾರು ಹೊರಗೆ ಬಂತು. ಪುರೋಹಿತರು ಎಲೆಯಡಿಕೆಗೆ ಕೈ ಹಾಕಿರಬೇಕು ಅಂದುಕೊಂಡೆವು. ಅದರ ಹಿಂದೆ ನನ್ನ ಭಾವನ ಕಾರು ಒಳಗೆ ಹೋಯಿತು.

"ನಡುವಿನ ಪಾಯಿಂಟ್, ಈ ಕಾರು ದಾಟಿತಾ?" ಮೇಡಂ ಕೇಳಿದರು. ಉತ್ತರ ಇಲ್ಲ. ಇನ್ನೊಮ್ಮೆ ಕೇಳಿದರು. ಇಲ್ಲ. ಬ್ಯಾಂಕಿನವರನ್ನು ಕೇಳಿದರು. "ಇಲ್ಲಿಗೆ ಬಂದಿಲ್ಲ ಮೇಡಂ, ಸದ್ದೂ ಇಲ್ಲ" ಅಂದರು. ಶುರುವಿನಲ್ಲಿ ಮುಂದಿನ ಕಾರು ಆಗಲೇ ಬಿಟ್ಟಾಗಿತ್ತು.

ಆಗ ನಾನು ದೀಪ ನೋಡಿದೆ. ಕೆಂಪು ಮಿಣುಕುತ್ತಿರಲಿಲ್ಲ, ಉರಿಯುತ್ತಿತ್ತು. ಒಬ್ಬ ಮನುಷ್ಯ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಉರಿದು ಆರಿತು. ನಡುವೆ ಬೇಲಿಯ ಮಿಣುಕು. ಮತ್ತೆ ಉದ್ದಕ್ಕೆ ಉರಿಯಿತು. ಹಸಿರು ಹತ್ತಲೇ ಇಲ್ಲ. ಬೇಲಿಗೆ ಉಸಿರು ತೆಗೆದುಕೊಳ್ಳುವ ಅಭ್ಯಾಸ ಇಲ್ಲ. ಅಲ್ಲಿ ಯಾರೋ ಮಾತಾಡುತ್ತಿದ್ದರು, ನನ್ನ ಪೆಟ್ಟಿಗೆ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು.

ಸ್ವಿಚ್ಚು ಆಫ್ ಮಾಡಿದೆ. ಟಕ್ ಟಕ್ಕಿನ ನಡುವೆ ಪುರೋಹಿತರ ದನಿ ಸಿಡಿದು ಬಂತು. "...ಯಾರೂ ಕೇಳ್ತಾ ಇಲ್ವಾ? ಸ್ಟೇಜ್ ನಿಲ್ಸಿ, ಸ್ಟೇಜ್ ನಿಲ್ಸಿ. ಕಾರು ರಸ್ತೆ ಬಿಟ್ಟು ಚರಂಡಿಗೆ ಮಗುಚಿದೆ. ಬೇಲಿ ಕಿತ್ತು ಕಾರಿಗೆ ಸುತ್ಕೊಂಡಿದೆ. ತಂತಿ ರಸ್ತೆಗೂ ಅಡ್ಡ ಬಿದ್ದಿದೆ, ಹಿಂದಿನ ಕಾರನ್ನ ಬಾವುಟ ತೋರಿಸಿ ನಿಲ್ಸಿದೀನಿ. ತಂತೀಲಿ ಕರೆಂಟಿದೆ!"

ಮೇಡಂ ಶುರುವನ್ನು ನಿಲ್ಲಿಸಿ ಆಂಬುಲೆನ್ಸ್ ಬಿಟ್ಟರು. ನಾನು ಮೈಕ್ ಎತ್ತಿದೆ. "ಕೇಳ್ತಿದೆ. ಕಾರಿನ ಒಳಗೆ?"

"ಡ್ರೈವರ್ ಹಣೆ ಒಡೆದಿದೆ, ಅವನೇ ಹೊರಗೆ ಬಿದ್ದ. ನ್ಯಾವಿಗೇಟರ್ ಒಳಗೇ ಇದಾರೆ, ಕಾಲು ಸಿಕ್ಕಿದೆ. ಮಾತಾಡ್ತಿಲ್ಲ. ಪೆಟ್ರೋಲ್ ಸೋರ್ತಿದೆ, ಬಂಪರಿನ ಹತ್ರ ಕಿಡಿ ಹಾರ್ತಿದೆ. ಬಾಗಿಲು ಮುಟ್ಟಿದವನೊಬ್ಬ ಹೊಡೆತ ತಿಂದು ಹಿಂದೆ ಬಿದ್ದ. ಕತ್ತೀಲಿ ತಂತಿ ಕಡಿತೀನಿ ಅಂತ ಇನ್ನೊಬ್ಬ ಬಂದಿದಾನೆ, ಬೈದು ಕೂರ್ಸಿದೀನಿ."

ಹಂದಿ ಬೇಲಿಯ ಕರೆಂಟು ಮನುಷ್ಯರನ್ನು ಕೊಲ್ಲುವುದಿಲ್ಲ ಅನ್ನುತ್ತಾರೆ. ಆದರೆ ಪೆಟ್ರೋಲಿಗೆ ಒಂದು ಕಿಡಿ ಸಾಕು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಬೇಲಿಯ ಯಂತ್ರ ಇದ್ದದ್ದು ತೋಟದ ಮನೆಯ ಪಂಪ್‌ಶೆಡ್ಡಿನಲ್ಲಿ, ಬ್ಯಾಂಕಿನವರು ಕೂತ ಗೇಟಿನ ಒಳಗೆ. "ಕೊನೆಯ ಪಾಯಿಂಟ್, ಬೇಲಿ ಆಫ್ ಮಾಡಿಸಿ. ಮಾಡಿಸಿ ಬಂದು ನೀವೇ ಹೇಳಿ" ಅಂದೆ. ಅವರು ಓಡಿದ್ದು ಮೈಕಿನಲ್ಲೇ ಕೇಳಿತು.

ಇತ್ತ ಟೋನ್ ತೆಗೆದಿದ್ದರಿಂದ ರಿಪೀಟರ್ ಮತ್ತೆ ಬಿಡುವಿಲ್ಲದೆ ಪ್ರಸಾರ ಮಾಡುತ್ತಿತ್ತು. ಬ್ಯಾಟರಿಯ ಮುಳ್ಳು ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಹೀಗೇ ಬಿಟ್ಟರೆ ಆಂಬುಲೆನ್ಸ್ ತಲುಪುವ ಮೊದಲೇ ಪೆಟ್ಟಿಗೆ ಸಾಯುತ್ತಿತ್ತು. ಟೋನ್ ಹಾಕಿದರೆ ಪುರೋಹಿತರ ದನಿ ಸಾಯುತ್ತಿತ್ತು. ಎರಡೂ ಬೇಡ ಅಂತ ಬೆರಳನ್ನು ಸ್ವಿಚ್ಚಿನ ಮೇಲೇ ಇಟ್ಟೆ. ಕೆಂಪು ಮಿಣುಕಿದರೆ ಬೇಲಿ, ಬಾಗಿಲು ಹಾಕಿರಲಿ. ಕೆಂಪು ನಿಂತು ಉರಿದರೆ ಪುರೋಹಿತರು, ತೆರೆ. ಮಾತು ಮುಗಿಯಿತು, ಹಾಕು. ಮೊದಲ ಒಂದೆರಡು ಪದ ತಪ್ಪುತ್ತಿತ್ತು. "ಮಾತಾಡೋ ಮೊದಲು ಬಟನ್ ಒತ್ತಿ ಸ್ವಲ್ಪ ಕಾಯಿರಿ" ಅಂದೆ. ಅವರು ಕಾದರು. ಕೆಲಸ ನಡೆಯಿತು.

ಮೇಡಂ ಕರೆದರು. ಕಾರಿನ ನಂಬರ್ ಅವರ ಕಣ್ಣೆದುರೇ ಇತ್ತು, ಅದು ಯಾರ ಕಾರು ಅಂತ ಅವರಿಗೆ ಗೊತ್ತು. "ಗುಡ್ಡದ ಸ್ಟೇಷನ್, ನೀವು ಹೋಗ್ಬೇಕಾ? ಬೇಕಾದ್ರೆ ಟೋನ್ ತೆಗೆದಿಟ್ಟು ಇಳಿದುಬಿಡಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತೋ ಬರಲಿ" ಅಂದರು.

ಕಾರು ಮಗುಚಿದ ಜಾಗ ನನಗೆ ಒಂದೇ ಗುಡ್ಡದ ಏಣಿನ ಆಚೆ. ಗುಡ್ಡದ ಹಿಂಬದಿಯಿಂದ ಜಾರಿಕೊಂಡು ಹೋದರೆ ಆಂಬುಲೆನ್ಸಿಗಿಂತ ಮೊದಲು ಮುಟ್ಟುತ್ತಿದ್ದೆ. ಕಾಲು ಎದ್ದೇಬಿಟ್ಟಿತ್ತು. ಮುಟ್ಟಿ ಏನು ಮಾಡುತ್ತಿದ್ದೆ? ಬಾಗಿಲು ಮುಟ್ಟಿ ಹೊಡೆತ ತಿಂದವನ ಪಕ್ಕ ನಿಂತು ನಾನೂ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬ್ಯಾಟರಿ ಸತ್ತರೆ ಬೇಲಿ ಆಫ್ ಆಯಿತೋ ಇಲ್ಲವೋ ಅಂತ ಅಲ್ಲಿಗೆ ಹೇಳುವವರೇ ಇರುತ್ತಿರಲಿಲ್ಲ. "ಇಳಿಯಲ್ಲ ಮೇಡಂ. ಸ್ವಿಚ್ಚಿಗೆ ಕೈ ಬೇಕು" ಅಂದೆ. ಈಗ ಕೇಳಿದರೂ ಅದೇ ಹೇಳುತ್ತೇನೆ.

ಪುರೋಹಿತರನ್ನು ಕೇಳಿದೆ, "ನಿಮ್ಮ ಸೆಟ್ ಎಲ್ಲಿಟ್ಟಿದೀರಿ?"

"ಜೀಪಿನ ಬಾನೆಟ್ ಮೇಲೆ. ಆಂಟೆನಾಕ್ಕೆ ತಗಡು ಬೇಕಲ್ಲ."

"ಇಂಜಿನ್?"

"ಓಡ್ತಾ ಇದೆ, ಬ್ಯಾಟರಿ ಇಳೀಬಾರ್ದು ಅಂತ." ಅಷ್ಟು ಹೇಳಿ ಅವರೇ ತಡೆದರು. "ಅಯ್ಯೋ, ಕಾದ್ಬಿಟ್ಟಿದೆ ಅಲ್ವಾ!"

ರೇಡಿಯೊದ ಹುಚ್ಚಿರುವವರು ಮಾತ್ರ ಮಾಡುವ ತಪ್ಪು ಅದು. ಬೇರೆಯವರಾದರೆ ಸೆಟ್ಟನ್ನು ಸೀಟಿನ ಮೇಲೆ ಇಡುತ್ತಿದ್ದರು. ಒಳ್ಳೆಯ ಸಿಗ್ನಲ್ಲಿಗೆ ಅಂತ ತಗಡು ಹುಡುಕಿ, ಬ್ಯಾಟರಿ ಕಾಯಲು ಇಂಜಿನ್ ಓಡಿಸಿ, ಬಾನೆಟ್ಟಿನ ಮೇಲೆ ದೋಸೆಯ ಹಾಗೆ ಸೆಟ್ಟು ಬೇಯಿಸಿದ್ದರು. ಬಿಸಿಗೆ ಅವರ ಟೋನ್ ಜಾರಿತ್ತು, ಹಸಿರು ದೀಪಕ್ಕೆ ಗುರುತು ಸಿಗುತ್ತಿರಲಿಲ್ಲ. ಸೆಟ್ಟು ಇಳಿಸಿ ನೆರಳಿಗೆ ಇಡಲು ಹೇಳಿದೆ. ಇನ್ನೊಂದು ಬ್ಯಾಟರಿಗೆ ಸೇರಿಸಿ, ಚರಂಡಿಯ ಪಕ್ಕ ಮರದ ನೆರಳಿನಲ್ಲಿ ಇಟ್ಟುಕೊಂಡೆ ಅಂದರು.

"ನ್ಯಾವಿಗೇಟರ್ ಉಸಿರಾಡ್ತಿದಾರಾ?"

"ಎದೆ ಏಳ್ತಾ ಇದೆ."

"ನ್ಯಾವಿಗೇಟರಿಗೆ ರಕ್ತ?"

"ಕಾಲಲ್ಲಿ. ಜೋರಿಲ್ಲ. ಕಣ್ಣು ಮುಚ್ಚಿದಾರೆ."

"ಡ್ರೈವರನ್ನ ಕಾರಿಂದ ದೂರ ಇಡಿ. ಯಾರೂ ಬೀಡಿ ಹಚ್ಚಬಾರ್ದು. ಬೇಲಿ ಆಫ್ ಅಂತ ನಾನು ಹೇಳೋವರೆಗೆ ನ್ಯಾವಿಗೇಟರನ್ನ ಯಾರೂ ಮುಟ್ಟಬಾರ್ದು."

ಡ್ರೈವರನ್ನು ದೂರ ಇಡುವುದು ಸುಲಭವಿರಲಿಲ್ಲ. ಹಿಂದೆ ನನ್ನ ಭಾವ ಕಿರುಚುವುದು ಮೈಕಿನಲ್ಲಿ ಬರುತ್ತಿತ್ತು. ಅವನನ್ನು ಇಬ್ಬರು ಹಿಡಿದಿದ್ದರಂತೆ.

ಕೆಂಪು ದೀಪದ ಮಿಣುಕು ಥಟ್ಟನೆ ನಿಂತಿತು. ಬೇಲಿ ಸತ್ತಿತು! ಮೈಕ್ ಬಾಯಿಗೆ ಬಂತು, ಆದರೂ ತಡೆದೆ. ತಂತಿ ಸರಿದು ಪೂರ್ತಿ ನೆಲಕ್ಕೆ ತಾಗಿದರೂ ಮಿಣುಕು ನಿಲ್ಲಬಹುದು. ಆಗ ಯಾರಾದರೂ ತಂತಿ ಎತ್ತಿದರೆ ಮತ್ತೆ ಕಿಡಿ. ದೀಪವನ್ನು ನಂಬಿ ತಂಗಿಯನ್ನು ಪೆಟ್ರೋಲಿನ ಮೇಲೆ ಬಿಡಲಾರೆ ಅಂತ ಹಲ್ಲು ಕಚ್ಚಿ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದಿಂದ ಸುಮ್ಮನಿದ್ದದ್ದು ಬೇರೆ ಇಲ್ಲ.

ಕೊನೆಗೆ ಹಸಿರು ಹತ್ತಿತು. ಬ್ಯಾಂಕಿನವರು ಏದುಸಿರಿನಲ್ಲಿ, "ಆಫ್ ಆಯ್ತು. ಯಜಮಾನ್ರೇ ಬಂದು ವೈರ್ ಕಿತ್ರು. ಫ್ಯೂಸ್ ನನ್ನ ಕೈಲಿದೆ" ಅಂದರು.

"ನಡುವಿನ ಪಾಯಿಂಟ್, ಬೇಲಿ ಆಫ್. ಫ್ಯೂಸ್ ನಮ್ಮವರ ಕೈಲಿದೆ. ನ್ಯಾವಿಗೇಟರನ್ನ ಹೊರಗೆ ತೆಗೀರಿ."

ಆಮೇಲೆ ಎರಡು ದೀಪವೂ ಆರಿಕೊಂಡಿದ್ದವು. ಬ್ಯಾಟರಿ ಉಳಿಸುವುದಕ್ಕೆ ನಾನು ಕೇಳಲೂ ಇಲ್ಲ. ಗಾಳಿಗೆ ಟಾರ್ಪಾಲು ಪಟಪಟ ಅನ್ನುತ್ತಿತ್ತು. ಕೆಂಪು ಹತ್ತಿತು. ಸ್ವಿಚ್ಚು ಒತ್ತಲು ಹೋದ ಬೆರಳು ಅಲ್ಲೇ ನಿಂತಿತು, ಹಸಿರೂ ಹತ್ತಿತ್ತು. ಪುರೋಹಿತರ ಸೆಟ್ಟು ತಣಿದಿತ್ತು.

"ಹೊರಗೆ ತೆಗ್ದಿದೀವಿ. ಕಣ್ಣು ಬಿಟ್ಟಿದಾರೆ. ನೀರು ಕೇಳಿದ್ರು, ಕೊಡ್ಲಿಲ್ಲ" ಅಂದರು. "ರೋಜರ್" ಅಂದೆ. ಅಷ್ಟು ಹೇಳಿ ಮೈಕ್ ಇಟ್ಟು, ಟಾರ್ಪಾಲಿನ ಹೊರಗೆ ಹೋಗಿ ಗಟ್ಟಿಯಾಗಿ ಅತ್ತೆ. ಗುಡ್ಡದ ಮೇಲೆ ಯಾರೂ ಇರಲಿಲ್ಲ, ನಾಚಿಕೆಯ ಪ್ರಶ್ನೆ ಇರಲಿಲ್ಲ.

ಆಂಬುಲೆನ್ಸ್ ಕೊಪ್ಪ ಮುಟ್ಟಿತು ಅಂತ ಮೇಡಂ ಹೇಳಿದ ಮೇಲೆ ಪೆಟ್ಟಿಗೆ ಆಫ್ ಮಾಡಿ ಇಳಿದೆ. ಆಸ್ಪತ್ರೆಯಲ್ಲಿ ಭಾವ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ನೋಡಿದವನೇ ಎದ್ದು, "ಒಂದೇ ಗುಡ್ಡದ ಆಚೆ ಇದ್ದೆ ನೀನು. ಬರಬಾರ್ದಿತ್ತಾ?" ಅಂದ. ಅವನ ಹೆಗಲ ಮೇಲೆ ಕೈ ಇಟ್ಟು ಒಳಗೆ ಹೋದೆ.

ತಂಗಿಯ ಕಾಲಿಗೆ ಪಟ್ಟಿ ಬಿಗಿದಿದ್ದರು, ಹೆಗಲ ಮೂಳೆಯೂ ಮುರಿದಿತ್ತು. ಮಾತು ಗಾಳಿಯಷ್ಟೇ ಬರುತ್ತಿತ್ತು. ನಾನು ಮಂಚದ ಪಕ್ಕ ನಿಂತು, ಬರಲಾಗಲಿಲ್ಲ ಅಂತ ಏನೋ ಶುರು ಮಾಡಿದೆ. ಅವಳು ಕಣ್ಣಿನಲ್ಲೇ ತಡೆದಳು.

"ಭಟ್ರು ರೇಡಿಯೊ ತಂದು ನನ್ನ ಕಿವಿ ಹತ್ರನೇ ಇಟ್ಟಿದ್ರು. ಎಲ್ಲಾ ಕೇಳ್ತಿತ್ತು, ಬಾಯಿ ಬರ್ತಿರ್ಲಿಲ್ಲ" ಅಂದಳು. "ನ್ಯಾವಿಗೇಟರ್, ನ್ಯಾವಿಗೇಟರ್ ಅಂತಿದ್ದೆ. ಒಂದು ಸಲನೂ ನನ್ನ ಹೆಸರು ಹಿಡೀಲಿಲ್ಲ ನೀನು."

ಹೆಸರು ಹೇಳಿದ್ದರೆ ನನ್ನ ದನಿ ನಡುಗುತ್ತಿತ್ತು, ಅದು ಅವಳಿಗೆ ಹೇಗೆ ಗೊತ್ತಾಗಬೇಕು ಅಂದುಕೊಂಡೆ.

"ಅದಕ್ಕೇ ಧೈರ್ಯ ಬಂತು" ಅಂದಳು. "ನೀನು ಹೆಸರು ಹಿಡಿದು ಕೂಗಿದ್ದಿದ್ರೆ, ನಾನು ಸಾಯ್ತಿದೀನಿ ಅಂತ ತಿಳ್ಕೊಳ್ತಿದ್ದೆ."